ನಡುವಿನ ತುಂಡು

"ಕಳ್ಳಿ ಅಂದಿದ್ರೂ ಸಹಿಸ್ಕೋತಿದ್ದೆ ದೊಡ್ಡಮ್ಮಾ. ಸುಳ್ಳಿ ಅಂದುಬಿಟ್ರು!" ಎನ್ನುತ್ತ ಆ ಹುಡುಗಿ ಚಪ್ಪಲಿ ಬಿಡುವ ಮೊದಲೇ ಅಳತೊಡಗಿದಳು.

ನಾನು ನೀರು ತಂದುಕೊಟ್ಟೆ. ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟೆ ಎನ್ನಬೇಕು. ನನ್ನ ದೊಡ್ಡಮ್ಮ ಪ್ರೋಟೀನುಗಳ ಸಂಶೋಧನೆಯಲ್ಲೇ ತಲೆ ನರೆಸಿಕೊಂಡು ನಿವೃತ್ತಳಾದವಳು. ಸಂಶೋಧನಾಲಯದ ಹಿಂದಿನ ಬೀದಿಯಲ್ಲೇ ನಮ್ಮ ಮನೆ. ಅಲ್ಲಿ ಏನು ಕಳೆದುಹೋದರೂ, ಯಾರ ಮೇಲೆ ಯಾರು ಅನುಮಾನಪಟ್ಟರೂ ಜನ ಬಂದು ನಿಲ್ಲುತ್ತಿದ್ದುದು ನಮ್ಮ ಬಾಗಿಲಿಗೇ. ಶಾಲೆಯನ್ನು ಅರ್ಧಕ್ಕೇ ಬಿಟ್ಟಿದ್ದ ನಾನು ಅವಳ ಜೊತೆಗಿದ್ದು ಬಟ್ಟೆ ಹೊಲಿಯುತ್ತಿದ್ದೆ, ಅವಳು ಹೊರಟಲ್ಲಿಗೆ ಚೀಲ ಹಿಡಿದು ಹೋಗುತ್ತಿದ್ದೆ. ಅವಳನ್ನು ದೊಡ್ಡಮ್ಮ ಎನ್ನುವ ಹಕ್ಕು ನನ್ನೊಬ್ಬಳದೇ ಎಂದುಕೊಂಡಿದ್ದೆ. ಈ ಹುಡುಗಿ ಮಾತಿಗೊಮ್ಮೆ 'ದೊಡ್ಡಮ್ಮಾ' ಎಂದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಯಾರೋ ಮೆಣಸಿನಕಾಯಿ ಕಿವುಚಿದಂತಾಗುತ್ತಿತ್ತು.

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ತಂಗಿ ಎನ್ನುತ್ತಿದ್ದರು. ಅದೇ ಲ್ಯಾಬಿನಲ್ಲಿ ಅವಳ ಅಕ್ಕನೂ ಇದ್ದಳು, ಭಾವನೂ ಇದ್ದ. ತಂಗಿ ಒಂದು ಗಿಡದ ಜೀನನ್ನು ಬ್ಯಾಕ್ಟೀರಿಯಾದೊಳಗೆ ಕೂರಿಸಿದ್ದಳು. ಬ್ಯಾಕ್ಟೀರಿಯಾ ಆ ಜೀನನ್ನು ಓದಿ ಗಿಡದ ಪ್ರೋಟೀನನ್ನು ತಯಾರಿಸಬೇಕು. ಆ ಪ್ರೋಟೀನು ಬಿದ್ದರೆ ಬಣ್ಣವಿಲ್ಲದ ದ್ರಾವಣ ನೀಲಿಯಾಗಬೇಕು. ತಿಂಗಳುಗಟ್ಟಲೆ ಆಗುತ್ತಲೂ ಇತ್ತು. ಆದರೆ ಹೊರಗಿನ ಪರೀಕ್ಷಕರು ಬಂದು ಕೂತ ದಿನ ದ್ರಾವಣ ನೀರಿನ ಹಾಗೇ ಉಳಿಯಿತು.

"ಇದುವರೆಗೆ ತೋರಿಸಿದ್ದೆಲ್ಲ ಕಟ್ಟುಕತೆನಾ ಅಂತ ನಮ್ಮ ಲ್ಯಾಬಿನ ಮುಖ್ಯಸ್ಥರು, ಸರ್ರೇ, ಎಲ್ಲರ ಮುಂದೆ ಕೇಳಿದ್ರು. ಶನಿವಾರದೊಳಗೆ ಕಾರಣ ಹೇಳದಿದ್ರೆ ನನ್ನನ್ನ ತೆಗೆದುಹಾಕ್ತಾರಂತೆ. ಸುಳ್ಳು ಫಲಿತಾಂಶ ತೋರಿಸಿದವಳು ಅನ್ನಿಸ್ಕೊಂಡ್ರೆ ಇನ್ಯಾವ ಲ್ಯಾಬೂ ಸೇರಿಸಿಕೊಳ್ಳಲ್ಲ."

"ಆವತ್ತು ಅಲ್ಲಿ ಯಾರ್ಯಾರಿದ್ರಮ್ಮ?"

"ಸರ್ ಇದ್ರು. ನನ್ನ ಜೊತೆ ಕೆಲಸ ಮಾಡೋ ಉದ್ದಣ್ಣ ಇದ್ದ. ನಾನು ಹೋದ್ರೆ ಜಾಗ ಅವನಿಗೇ, ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಅಕ್ಕ ಇಂಥದ್ದಕ್ಕೆಲ್ಲ ಬರೋಳೇ ಅಲ್ಲ. ಭಾವನೇ ಬಲವಂತ ಮಾಡಿ, ಹೊಸ ಸೀರೆ ಉಡಿಸಿ ಕರ್ಕೊಂಡು ಬಂದು ಮುಂದಿನ ಸಾಲಲ್ಲಿ ಕೂರಿಸಿದ್ರು. ಪಾಪ ಭಾವ! ನೀಲಿ ಆಗ್ಲಿಲ್ಲ ಅಂತ ದ್ರಾವಣದ ಟ್ಯೂಬನ್ನ ಕೈಗೆ ತಗೊಂಡು ಅಲ್ಲಾಡಿಸಿದ್ದೇ ಅಲ್ಲಾಡಿಸಿದ್ದು. ನನಗಿಂತ ಅವರಿಗೇ ಗಾಬರಿ."

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಅವಳಿಗೆ ಏನೋ ಸಿಕ್ಕಿದಾಗ ಹಾಗೆ ಮಾಡುತ್ತಾಳೆ. ಏನು ಸಿಕ್ಕಿತೋ ನನಗಂತೂ ತಿಳಿಯಲಿಲ್ಲ.

ಮರುದಿನ ಲ್ಯಾಬಿಗೆ ಹೋದೆವು. ಉದ್ದಣ್ಣ ಫ್ರೀಜರಿನ ಬಾಗಿಲಿಗೆ ಒರಗಿ ನಿಂತಿದ್ದ. ಬಾಗಿಲಿಗಿಂತ ಅವನೇ ಒಂದು ಗೇಣು ಎತ್ತರ.

"ನನ್ನನ್ನೇ ನೋಡೋಕೆ ಬಂದ್ರಿ ತಾನೇ ಮೇಡಂ? ಅವಳು ಬಿದ್ರೆ ನನಗೆ ಲಾಭ, ಇಲ್ಲ ಅನ್ನಲ್ಲ. ಆದ್ರೆ ಕೆಡಿಸೋದೇ ಆಗಿದ್ರೆ ಈ ಫ್ರೀಜರಲ್ಲಿದ್ದ ಅವಳ ಬ್ಯಾಕ್ಟೀರಿಯಾದ ಟ್ಯೂಬನ್ನ ಬಿಸಿನೀರಲ್ಲಿ ಅದ್ದಿ ಇಟ್ಟಿದ್ರೆ ಮುಗೀತಿತ್ತಲ್ಲ. ಬ್ಯಾಕ್ಟೀರಿಯಾ ಸತ್ತುಹೋಗೋದು."

"ಸತ್ತಿಲ್ವಾ?"

"ಎಲ್ಲಿ ಸತ್ತಿವೆ? ದಷ್ಟಪುಷ್ಟವಾಗಿ ಬೆಳೀತಿವೆ. ನೀಲಿ ಮಾತ್ರ ಮಾಡ್ತಿಲ್ಲ."

ಅಕ್ಕ ಮೂಲೆಯ ಮೇಜಿನಲ್ಲಿ ನಮಗೆ ಬೆನ್ನು ಮಾಡಿ ಕೂತಿದ್ದಳು. ಆ ಜೀನನ್ನು ಗಿಡದಿಂದ ಮೊಟ್ಟಮೊದಲು ಇಡಿಯಾಗಿ ತೆಗೆದವಳು ಅವಳೇ. ಅದರ ನಡುವೆ ಪ್ರೋಟೀನಿಗೆ ಬೇಡದ ಒಂದು ತುಂಡು ಇದೆ ಎಂದು ತೋರಿಸಿದವಳೂ ಅವಳೇ. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಂಗಿ ಆ ತುಂಡಿಲ್ಲದ ಜೀನನ್ನು ಬ್ಯಾಕ್ಟೀರಿಯಾಕ್ಕೆ ಹಾಕಿ ನೀಲಿ ಬಣ್ಣ ತೋರಿಸಿದಾಗ ಪರೀಕ್ಷಕರೇ ಹುಡುಕಿಕೊಂಡು ಬಂದರು.

"ಹೊಟ್ಟೆಕಿಚ್ಚು ಇದೆಯಾ ಅಂತ ಕೇಳೋಕೆ ಬಂದಿದೀರಿ. ಇದೆ," ಎಂದಳು ತಿರುಗದೆಯೇ. "ನಾನೇ ಜಡೆ ಹಾಕಿ ಶಾಲೆಗೆ ಕಳಿಸಿದ ಹುಡುಗಿ. ಅವಳನ್ನ ಹೊಗಳೋವಾಗ ಜನ ನನ್ನ ಮುಖ ನೋಡ್ತಾರೆ, ಇವಳು ನಗ್ತಾಳಾ ಇಲ್ವಾ ಅಂತ. ನಗ್ತೀನಿ. ಮನೆಗೆ ಹೋಗಿ ಪಾತ್ರೆ ಕುಕ್ಕುತೀನಿ. ಅಷ್ಟೇ. ಅವಳ ಟ್ಯೂಬು ಮುಟ್ಟಿಲ್ಲ."

ಭಾವ ಇದ್ದದ್ದು ಮಹಡಿಯ ಸಸಿ ಕೋಣೆಯಲ್ಲಿ. ಗಾಜಿನ ಬಾಟಲಿಗಳಲ್ಲಿ ಬೆರಳುದ್ದದ ಸಸಿಗಳು ಸಾಲಾಗಿ ನಿಂತಿದ್ದವು. ಆತ ಹೆಚ್ಚಿನ ಕಾಲ ಗಿಡಗಳ ಜೊತೆಗೇ ಕಳೆದವನು. ನಗುಮುಖದಿಂದ ಟೀ ತರಿಸಿಕೊಟ್ಟ. ಒಂದು ಎಲೆ ಕಿತ್ತು, ಅರೆದು, ಅದರ ರಸವನ್ನು ದ್ರಾವಣಕ್ಕೆ ಹಾಕಿದ. ಸ್ವಲ್ಪ ಹೊತ್ತಿಗೆ ದ್ರಾವಣ ನೀಲಿಯಾಯಿತು.

"ನೋಡಿದ್ರಾ ಮೇಡಂ? ಈ ಸಸಿಗೆ ಹಾಕಿರೋದು ನನ್ನ ಹೆಂಡತಿ ತೆಗೆದ ಜೀನು. ಇಡೀ ಜೀನು, ನಾದಿನಿಯದ್ದರ ಹಾಗೆ ಮೊಟಕು ಮಾಡಿದ್ದಲ್ಲ. ಎಲ್ಲಿ ಹಾಕಿದ್ರೂ ಕೆಲಸ ಮಾಡುತ್ತೆ. ಆದ್ರೆ ಹೆಸರು ಯಾರಿಗೆ ಬಂತು ಹೇಳಿ?"

ದೊಡ್ಡಮ್ಮ ಮತ್ತೆ ಕನ್ನಡಕ ಒರೆಸಿದಳು.

ನೀಲಿ ಮಾಡದ ಆ ಬ್ಯಾಕ್ಟೀರಿಯಾದ ಪ್ರೋಟೀನನ್ನು ಅವಳು ತನ್ನ ಹಳೆಯ ಶಿಷ್ಯೆಯೊಬ್ಬಳಿಗೆ ಕಳಿಸಿ, ಅದರ ಘಟಕಗಳ ಸಾಲನ್ನು ಅಕ್ಷರದಕ್ಷರ ಓದಿಸಿದಳು. ಉತ್ತರ ಬಂದಾಗ ನಾನು ಹೊಲಿಗೆ ಯಂತ್ರದ ಮುಂದಿದ್ದೆ.

"ವಿಚಿತ್ರ ಕಣೇ," ಎಂದಳು. "ಪ್ರೋಟೀನು ಗಿಡ್ಡವಾಗಿದೆ. ಮೊದಲರ್ಧ ಇರಬೇಕಾದ ಹಾಗೇ ಇದೆ. ಆಮೇಲೆ ಸಂಬಂಧವೇ ಇಲ್ಲದ ಒಂದು ಪುಟ್ಟ ಬಾಲ. ಅಲ್ಲಿಗೆ ನಿಂತುಹೋಗಿದೆ."

"ತಂಗಿಯೇ ಏನೋ ಎಡವಟ್ಟು ಮಾಡ್ಕೊಂಡಿರ್ಬೇಕು," ಎಂದೆ, ಸ್ವಲ್ಪ ಆಸೆಯಿಂದಲೇ.

"ನಿನಗ್ಯಾಕೆ ಅವಳ ಮೇಲೆ ಇಷ್ಟು ಉರಿ?"

ನಾನು ತಲೆ ತಗ್ಗಿಸಿ ದಾರ ಕಡಿದೆ.

ಶನಿವಾರ ಲ್ಯಾಬಿನ ಮುಖ್ಯಸ್ಥರ ಕೋಣೆಯಲ್ಲಿ ಎಲ್ಲರೂ ಸೇರಿದರು. ತಂಗಿಯ ಕಣ್ಣು ಊದಿಕೊಂಡಿತ್ತು. ಅಕ್ಕ ಅವಳಿಂದ ಎರಡು ಕುರ್ಚಿ ದೂರ ಕೂತಳು. ಭಾವ ಇಬ್ಬರ ನಡುವೆ ಕೂತ. ಉದ್ದಣ್ಣ ಗೋಡೆಗೊರಗಿ ನಿಂತ. ನಾನು ಬಾಗಿಲ ಬಳಿ ಚೀಲ ಹಿಡಿದು ನಿಂತೆ.

"ಈ ಹುಡುಗಿ ಸುಳ್ಳು ಹೇಳಿಲ್ಲಪ್ಪ," ಎಂದು ದೊಡ್ಡಮ್ಮ ಮುಖ್ಯಸ್ಥರಿಗೆ ಹೇಳಿದಳು. "ಫ್ರೀಜರಿನಲ್ಲಿದ್ದ ಅವಳ ಟ್ಯೂಬನ್ನ ಯಾರೋ ಬದಲಾಯಿಸಿದಾರೆ."

"ಕೆಡಿಸೋಕೆ?"

"ನಾನೂ ಮೊದಲು ಹಾಗೇ ಅಂದ್ಕೊಂಡೆ. ಆದ್ರೆ ಉದ್ದಣ್ಣ ಹೇಳಿದ್ದು ನಿಜ. ಕೆಡಿಸೋಕೆ ಬಿಸಿನೀರು ಸಾಕು. ಇಲ್ಲಿ ಬ್ಯಾಕ್ಟೀರಿಯಾ ಆರೋಗ್ಯವಾಗಿವೆ. ಪ್ರೋಟೀನಿನ ಮೊದಲರ್ಧ ಸರಿಯಾಗಿದೆ. ಜೀನು ಮುರಿದಿರಬೇಕು ಅಂತ ಅದನ್ನೂ ಓದಿಸಿದೆ. ಮುರಿದಿರಲಿಲ್ಲ. ಇರಬೇಕಾದದ್ದಕ್ಕಿಂತ ಉದ್ದವಾಗಿತ್ತು."

ಅಕ್ಕ ಸರ್ರನೆ ತಲೆಯೆತ್ತಿದಳು.

ದೊಡ್ಡಮ್ಮ ನನ್ನ ಕಡೆ ನೋಡಿದಳು. ನನಗೂ ತಿಳಿಯಲಿ ಎಂದೇ ಆಮೇಲಿನ ಮಾತು ಹೇಳಿದಳೆಂದು ನನಗೆ ಈಗಲೂ ಅನ್ನಿಸುತ್ತದೆ. "ಒಂದು ರವಿಕೆಯ ಎರಡು ಒಳ್ಳೆ ತುಂಡುಗಳ ನಡುವೆ ಬೇಡದ ಬಟ್ಟೆಯ ಪಟ್ಟಿ ಇದೆ ಅಂದ್ಕೊಳ್ಳಿ. ಗಿಡದ ಜೀವಕೋಶಕ್ಕೆ ಕತ್ತರಿಯೂ ಇದೆ, ಸೂಜಿಯೂ ಇದೆ. ಜೀನಿನ ನಕಲು ತೆಗೆದು, ಪಟ್ಟಿ ಕತ್ತರಿಸಿ ಎಸೆದು, ತುಂಡುಗಳನ್ನ ಸೇರಿಸಿ ಹೊಲಿಯುತ್ತೆ. ಆಮೇಲೆ ಪ್ರೋಟೀನು ಮಾಡುತ್ತೆ. ಈ ಬ್ಯಾಕ್ಟೀರಿಯಾಕ್ಕೆ ಆ ಕತ್ತರಿ ಇಲ್ಲ. ಬೇಡದ ಪಟ್ಟಿಯನ್ನೂ ಓದ್ತಾ ಹೋಗುತ್ತೆ. ಅದರಲ್ಲೊಂದು ನಿಲ್ಲು ಅನ್ನೋ ಸೂಚನೆ ಸಿಗುತ್ತೆ, ನಿಂತುಬಿಡುತ್ತೆ. ಆ ವಿಚಿತ್ರ ಬಾಲ ಇದೆಯಲ್ಲ, ಅದು ಅಕ್ಕ ಕಂಡುಹಿಡಿದ ನಡುವಿನ ತುಂಡಿನ ಮೊದಲ ಭಾಗ, ಒಂದಕ್ಷರವೂ ಆಚೀಚೆ ಇಲ್ಲ. ಟ್ಯೂಬಿನ ಬ್ಯಾಕ್ಟೀರಿಯಾದೊಳಗಿದ್ದದ್ದು ಅಕ್ಕನ ಇಡೀ ಜೀನು."

ತಂಗಿ ಕುರ್ಚಿಯಿಂದ ಅರ್ಧ ಎದ್ದಳು. "ಅಕ್ಕಾ, ನೀನಾ?"

"ಕೂತ್ಕೋಮ್ಮ," ಎಂದಳು ದೊಡ್ಡಮ್ಮ. "ನಿಮ್ಮಕ್ಕನಿಗೆ ಕೆಡಿಸೋ ಮನಸ್ಸಿದ್ರೆ ತನ್ನ ಹೆಸರಿಗೇ ಅಂಟಿಕೊಂಡಿರೋ ಆ ತುಂಡನ್ನ ಅಲ್ಲಿ ಬಿಟ್ಟು ಹೋಗ್ತಿದ್ಲಾ? ಇದನ್ನ ಇಟ್ಟವರು ನೀಲಿ ಆಗ್ಲಿ ಅಂತಲೇ ಇಟ್ಟಿದಾರೆ. ಆಗುತ್ತೆ ಅಂತ ನಂಬಿದ್ರು. ಅದಕ್ಕೇ ಅಕ್ಕನಿಗೆ ಹೊಸ ಸೀರೆ ಉಡಿಸಿ ಮುಂದಿನ ಸಾಲಲ್ಲಿ ಕೂರಿಸಿದ್ರು. ಅದಕ್ಕೇ ದ್ರಾವಣದ ಟ್ಯೂಬನ್ನ ಅಷ್ಟು ಹೊತ್ತು ಅಲ್ಲಾಡಿಸಿದ್ರು. ಬ್ಯಾಕ್ಟೀರಿಯಾದ ಜೊತೆ ಬದುಕೋ ಉದ್ದಣ್ಣ ಈ ತಪ್ಪು ಮಾಡಲ್ಲ. ಅಕ್ಕ ಕನಸಲ್ಲೂ ಮಾಡಲ್ಲ. ಗಿಡಗಳೇ ಎಲ್ಲ ಕತ್ತರಿಸಿ ಹೊಲಿದು ಕೊಡೋದನ್ನ ನೋಡಿ ನೋಡಿ, ಎಲ್ಲಿ ಹಾಕಿದ್ರೂ ಕೆಲಸ ಮಾಡುತ್ತೆ ಅಂದ್ಕೊಂಡವರು ಮಾತ್ರ ಮಾಡ್ತಾರೆ."

ಎಲ್ಲರ ಕಣ್ಣೂ ಭಾವನ ಮೇಲೆ ನೆಟ್ಟವು. ಆತ ಅಲ್ಲಗಳೆಯಲಿಲ್ಲ.

"ನೀಲಿ ಆದ ತಕ್ಷಣ ಎದ್ದು ನಿಲ್ಲಬೇಕು ಅಂತಿದ್ದೆ," ಎಂದ. "ಈ ಟ್ಯೂಬಿನ ಜೀನನ್ನ ಪರೀಕ್ಷೆ ಮಾಡಿ, ನಡುವಿನ ತುಂಡು ಸಿಗುತ್ತೆ, ನೀವು ಚಪ್ಪಾಳೆ ತಟ್ಟಿದ್ದು ನನ್ನ ಹೆಂಡತಿ ಜೀನಿಗೆ ಅಂತ ಹೇಳ್ಬೇಕು ಅಂತಿದ್ದೆ. ಮನೆಗೆ ಬಂದೋರೆಲ್ಲ ನಾದಿನಿ, ನಾದಿನಿ ಅಂತಾರೆ. ಇವಳು ಅಡುಗೆಮನೇಲಿ ಪಾತ್ರೆ ಕುಕ್ಕುತಾಳೆ. ಎಷ್ಟು ದಿನ ಕೇಳಿಸ್ಕೊಂಡು ಕೂರಲಿ? ಅವಳ ಟ್ಯೂಬನ್ನ ಎಸೆದಿಲ್ಲ. ಮಹಡಿಯ ಫ್ರೀಜರಲ್ಲೇ ಇದೆ."

"ಆಮೇಲೆ ಅವಳನ್ನ ಸುಳ್ಳಿ ಅಂದಾಗ ಯಾಕ್ರೀ ಬಾಯಿ ಬಿಡಲಿಲ್ಲ ನೀವು?" ಎಂದು ಮುಖ್ಯಸ್ಥರು ಗುಡುಗಿದರು. ಸಸಿ ಕೋಣೆಯ ಬೀಗದ ಕೈ ಮೇಜಿನ ಮೇಲೆ ಇಟ್ಟುಬಿಡುವಂತೆ ಅವರು ಹೇಳಿದರು. ತಂಗಿಯ ಕಡೆ ತಿರುಗಿ, "ನಾನು ಆಡಿದ್ದು ತಪ್ಪಮ್ಮ. ಪರೀಕ್ಷಕರನ್ನ ನಾನೇ ಮತ್ತೆ ಕರೆಸ್ತೀನಿ," ಎಂದರು.

ಅಕ್ಕ ಅಷ್ಟು ಹೊತ್ತೂ ಗಂಡನನ್ನೇ ನೋಡುತ್ತಿದ್ದಳು. ಕೋಪವಾಗಿದ್ದರೆ ನನಗೆ ಅರ್ಥವಾಗುತ್ತಿತ್ತು. ಅದು ಕೋಪವಲ್ಲ.

"ಮದುವೆಯಾದಾಗಿಂದ ಊಟಕ್ಕೆ ಕೂತಾಗೆಲ್ಲ ಅದನ್ನೇ ಹೇಳ್ತಿದ್ದೆನಲ್ರೀ," ಎಂದಳು ಮೆಲ್ಲಗೆ. "ಆ ತುಂಡನ್ನ ಗಿಡ ಕತ್ತರಿಸುತ್ತೆ, ಬ್ಯಾಕ್ಟೀರಿಯಾ ಕತ್ತರಿಸಲ್ಲ ಅಂತ. ನನ್ನ ಇಷ್ಟು ವರ್ಷದ ಕೆಲಸ ಅಂದ್ರೆ ಅದೊಂದೇ. ನೀವು ಹೂಂ, ಹೂಂ ಅಂತಿದ್ರಿ."

ಆಮೇಲೆ ಎದ್ದು ತಂಗಿಯ ಪಕ್ಕದ ಕುರ್ಚಿಗೆ ಹೋಗಿ ಕೂತಳು. ತಬ್ಬಿಕೊಳ್ಳಲಿಲ್ಲ. ಕೆದರಿದ ಅವಳ ಜಡೆಯನ್ನು ಬಿಚ್ಚಿ, ಎಲ್ಲರ ಮುಂದೆಯೇ ಮತ್ತೆ ಹೆಣೆಯತೊಡಗಿದಳು.

ನಾವು ಹೊರಟಾಗ ತಂಗಿ ಮೆಟ್ಟಿಲವರೆಗೂ ಓಡಿಬಂದು "ದೊಡ್ಡಮ್ಮಾ!" ಎಂದಳು. ಮೆಣಸಿನಕಾಯಿ ಮತ್ತೆ ಉರಿಯಿತು, ಸ್ವಲ್ಪ ಕಡಿಮೆ.

ದಾರಿಯುದ್ದಕ್ಕೂ ದೊಡ್ಡಮ್ಮ ತಾನು ಓದಿದ ಯಾವುದೋ ಹಳೆಯ ಪ್ರೋಟೀನಿನ ಬಗ್ಗೆ ಹೇಳುತ್ತ ಬಂದಳು. ರೂಢಿಯಂತೆ ನಾನು ಹೂಂ ಎಂದೆ. ಎಂದವಳೇ ನಡುಬೀದಿಯಲ್ಲಿ ನಿಂತುಬಿಟ್ಟೆ.

"ಯಾಕೆ ಮರೀ?"

"ಕೇಳಿಸ್ಕೊಳ್ಳಲಿಲ್ಲ ದೊಡ್ಡಮ್ಮ," ಎಂದೆ. "ಮೊದಲಿಂದ ಹೇಳು."