ಕಚ್ಚಾ ಹೊಲಿಗೆ

ಶಿರಾ ಸೀಮೆಯಲ್ಲಿ ಕಲ್ಲಿಗಿಂತ ಕಡಲೆಕಾಯಿ ಹೆಚ್ಚು. ಅಂಥ ಊರಿಗೆ, ಕಡಲೆಕಾಯಿ ಸೋಕಿದರೆ ಸಾಯುವಂತೆ ಊದಿಕೊಳ್ಳುವ ಇಬ್ಬರನ್ನು ದೇವರು ಕಳಿಸಿದ್ದ, ಅದೂ ಒಂದೇ ಮನೆಗೆ: ಟೈಲರ್ ಮುಸವೀರ್ ಮತ್ತು ಅವನ ಪುಟ್ಟ ಮಗಳು ನೂರೀನ್. ಮೂರು ವರ್ಷದ ಹಿಂದೆ ಬರಗೂರು ಬಸ್ಸಿನಲ್ಲಿ ಯಾರೋ ಪುಣ್ಯಾತ್ಮರು ಮಗುವಿನ ಬಾಯಿಗೆ ಒಂದು ಬೀಜ ಇಟ್ಟರು. ಆಸ್ಪತ್ರೆ ಸೇರುವಷ್ಟರಲ್ಲಿ ಅವಳ ಮುಖ ಕುಂಬಳಕಾಯಿಯಾಗಿತ್ತು, ಉಸಿರು ಸೂಜಿಗಣ್ಣಿನಷ್ಟು ಉಳಿದಿತ್ತು. ಅಂದಿನಿಂದ ಕಾಯಿ ಕೀಳುವ ಕಾಲ ಬಂದರೆ ನೂರೀನ್‌ಗೆ ಶಾಲೆಯಿಲ್ಲ, ಬೀದಿಯಿಲ್ಲ. ಕಿಟಕಿಯೊಂದೇ.

ಮುಸವೀರನೋ, ಮಧುಗಿರಿಯ ಬೋಳು ಬೆಟ್ಟಕ್ಕೆ ಅಂಗಿ ಹೊಲಿ ಎಂದರೂ ಸಂಜೆಗೆ ಗುಂಡಿ ಹಾಕಿ ಕೊಡುವ ಕಸುಬುಗಾರ. ಗೌಡಗೆರೆಯ ಪ್ರಯೋಗದ ಹೊಲಕ್ಕೆ ಹೊದಿಸಿದ ಬಲೆ ಹೊಲಿದವನೂ ಅವನೇ. ಒಳಗೆ ಕೃಷಿ ವಿಜ್ಞಾನಿ ವನಜಾಕ್ಷಿ ಮೇಡಂ ಬೆಳೆಸಿದ್ದ ಗಿಡಗಳಿದ್ದವು. ಕಡಲೆಕಾಯಿಯ ಜೀನಿನಲ್ಲಿ ಊತ ತರಿಸುವ ತುಂಡುಗಳನ್ನು ಕತ್ತರಿಸಿ ತೆಗೆದ ಗಿಡಗಳು. ಕತ್ತರಿಯ ಮಾತು ಟೈಲರನಿಗೆ ತಟ್ಟನೆ ಅರ್ಥವಾಯಿತು.

"ಒಂದು ಬೊಗಸೆ ಕೊಡಿ ಮೇಡಂ. ಬರಗೂರಲ್ಲಿ ಭಾವನ ಹೊಲ ಐತೆ, ಬಿತ್ಕೋತೀನಿ."

"ಒಂದು ಕಾಯೀನೂ ಹೊರಗೆ ಹೋಗೋ ಹಾಗಿಲ್ಲ ಮುಸವೀರ್. ಪರೀಕ್ಷೆ ಮುಗಿದ ಮೇಲೆ ಮಿಕ್ಕಿದ್ದನ್ನ ಸುಡಬೇಕು. ಅನುಮತಿ ಬರೋವರೆಗೆ ಕಾಯಿರಿ."

"ಮಗು ಕಾಯ್ಬೇಕಲ್ಲ ಮೇಡಂ!"

ಅವರು ತಲೆ ತಗ್ಗಿಸಿದರು. ಕೊಡಲಿಲ್ಲ. ಸುಡುತ್ತಾರಂತೆ! ಆ ಮಾತು ಮುಸವೀರನ ಎದೆಯಲ್ಲಿ ಇಸ್ತ್ರಿಪೆಟ್ಟಿಗೆಯ ಹಾಗೆ ಕೂತಿತು.

ಆಮೇಲೆ ಅವನು ಹೂಡಿದ ಉಪಾಯಕ್ಕೆ ಮೂರು ಲೋಕದ ಕಳ್ಳರೂ ಬಂದು ಸಲಾಮು ಹೊಡೆಯಬೇಕು. ಗಾಳಿಗೆ ಹರಿದ ಬಲೆಯನ್ನು ಹೊಲಿಯುವಾಗ ಒಂದು ಮೂಲೆಗೆ ಬರೀ ಕಚ್ಚಾ ಹೊಲಿಗೆ ಹಾಕಿದ. ಎಳೆ ಜಗ್ಗಿದರೆ ಬಿಚ್ಚಿಕೊಳ್ಳಬೇಕು, ಮತ್ತೆ ಪೋಣಿಸಿದರೆ ಬ್ರಹ್ಮನಿಗೂ ಕಾಣಬಾರದು. ಕಾವಲುಗಾರ ದಾಸಯ್ಯ ಮಧ್ಯಾಹ್ನ ಮುದ್ದೆ ಉಂಡನೆಂದರೆ ಭೂಕಂಪಕ್ಕೂ ಏಳುವುದಿಲ್ಲ. ಆ ಹೊತ್ತಿಗೆ ಮುಸವೀರ್ ಒಳನುಗ್ಗಿದ. ಗಿಡ ಕೀಳಲಿಲ್ಲ, ಬುಡದ ಮಣ್ಣು ಕೆದರಿ, ಇಲಿಯಂತೆ ಅಲ್ಲೊಂದು ಇಲ್ಲೊಂದು ಕಾಯಿ ಬಿಡಿಸಿದ, ಕೊಡೆಯ ಕಡ್ಡಿಯಿಂದ ಬಿಲವನ್ನೂ ತೋಡಿದ. ಅಲ್ಲೇ ಕೂತು ಒಂದು ಬೀಜ ಅಗಿದ. ಮೇಡಂ ಮಾತು ಸುಳ್ಳಾಗಿದ್ದರೆ ಅಲ್ಲೇ ಗೋರಿ. ಗಂಟಲು ಕಟ್ಟಲಿಲ್ಲ. ಮಣ್ಣಿನ ಕೈಯಲ್ಲೇ ಕಣ್ಣೊರೆಸಿಕೊಂಡ.

ಹಸಿ ಕಾಯಿಗಳನ್ನೆಲ್ಲ ಅಂಗಡಿಯ ಚಿಂದಿ ಬಟ್ಟೆಯ ಮೂಟೆಯ ತಳದಲ್ಲಿಟ್ಟ. ಮಗಳಿಗೆ ಕಣ್ಣು ಮುಚ್ಚಿಸಿ ಎರಡು ಬೀಜ ಮಾತ್ರ ತಿನ್ನಿಸಿದ; ಏನೂ ಆಗದಾಗ, ಇದು ನಿನಗೆ ಒಗ್ಗುವ ಕಾಯಿ ಎಂದ. ಸಿಪ್ಪೆ ಒಲೆಗೆ. ಇನ್ನು ಅನುಮಾನವೇ? ಕಡಲೆಕಾಯಿ ಮುಟ್ಟಿದರೆ ಸಾಯುವವನು ಕಡಲೆಕಾಯಿ ಕದ್ದನೆಂದರೆ ಕತ್ತೆಯೂ ನಗುತ್ತದೆ.

ನಕ್ಕರು ಕೂಡ. ಮಾರನೆಯ ದಿನ ವನಜಾಕ್ಷಿ ಮೇಡಂ ದಾಸಯ್ಯನೊಂದಿಗೆ ಅಂಗಡಿಗೇ ಬಂದರು, ಬಲೆಯ ಬುಡಕ್ಕೆ ದಪ್ಪ ಬಟ್ಟೆ ಹೊಲಿಸಲು.

"ಇಲಿ ಅಲ್ಲ ಕಣ್ ಸಾಬ್ರೇ, ಹೆಗ್ಗಣ! ಹೆಂಗ್ ತಿಂದ್ಬುಟ್ಟೈತೆ ಅಂತೀರಾ!" ಎಂದ ದಾಸಯ್ಯ.

"ನೀನು ಮುದ್ದೆ ತಿಂದಂಗೇ ತಿಂದೈತೆ ಬುಡು," ಎಂದ ಮುಸವೀರ್, ಅಳತೆ ಟೇಪು ಎಳೆಯುತ್ತ.

"ಈ ಸೀಮೇಲಿ ನಾನು ಅನುಮಾನ ಪಡದೆ ಇರೋದು ನಿಮ್ಮೊಬ್ಬರ ಮೇಲೆ," ಎಂದು ಮೇಡಂ ನಕ್ಕರು. ಮುಸವೀರನ ಎದೆ ಮಧುಗಿರಿ ಬೆಟ್ಟವನ್ನು ಮೀರಿ ಬೆಳೆಯಿತು.

ಆಗ ಒಳಗಿನಿಂದ "ಅಬ್ಬಾಜಾನ್, ನೋಡು!" ಎಂದು ನೂರೀನ್ ಕುಣಿಯುತ್ತ ಬಂದಳು. ಗೊಂಬೆಗೆ ಚಿಂದಿ ಹುಡುಕಲು ಆ ಮೂಟೆಗೆ ಕೈ ಹಾಕಿದ್ದಳು. ವರ್ಷಗಟ್ಟಲೆ ಕಿಟಕಿಯಿಂದ ಬೀದಿಯ ಹುಡುಗಿಯರ ಈ ಆಟ ನೋಡಿದವಳು. ಹಸಿ ಕಾಯಿಯ ಮೂತಿ ಒತ್ತಿ ಬಾಯಿ ಬಿಡಿಸಿ, ಕಿವಿಗೆ ಕಚ್ಚಿಸಿಕೊಂಡಿದ್ದಳು. ಎರಡೂ ಕಿವಿಯಲ್ಲಿ ಕಡಲೆಕಾಯಿ ಓಲೆ. "ಅಯ್ಯೋ, ಮಗೂನ ಎತ್ಕಳ್ರಪ್ಪೋ!" ಎಂದು ದಾಸಯ್ಯ ಬೀದಿಗೆ ಹಾರಿ ಆಟೋ ಕೂಗಿದ. ಎದುರಂಗಡಿಯವರು ನೀರು ಹಿಡಿದು ಓಡಿ ಬಂದರು. ಇಡೀ ಶಿರಾ ಚೀರಿತು. ಮೇಡಂ ಮಾತ್ರ ಮಗುವಿನ ಕಡೆ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟರು. ಕೆಂಪಾಗದ ಆ ಪುಟ್ಟ ಕಿವಿಗಳಿಂದ ಅವರ ಕಣ್ಣು ನಿಧಾನವಾಗಿ ಮೇಲೆದ್ದು, ಅಳತೆ ಟೇಪು ಕೊರಳಿಗೆ ಹಾಕಿಕೊಂಡು, ಮಗಳ ಓಲೆಯ ಚಂದ ನೋಡುತ್ತ ನಗುತ್ತಿದ್ದ ತಂದೆಯ ಮುಖದ ಮೇಲೆ ಬಂದು ಕೂತಿತು.