ಏರ್ ಪೈಪಿನ ಬಿಳಿ ಪಸೆ

ಎಂಜಿನ್ ಬಿಚ್ಚಿದ ಕುಮುದಾ ಬಗ್ಗಿ ಒಳಗೆ ನೋಡಿದಳು. ಮೂರನೆಯ ಸಿಲಿಂಡರಿನಲ್ಲಿ ಪಿಸ್ಟನ್ನನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗಿ ಹೋಗಿತ್ತು.

"ಒಳಗೆ ನೀರಿದ್ದಾಗ ಯಾರೋ ಸ್ಟಾರ್ಟ್ ಮಾಡಿದ್ದಾರೆ," ಎಂದಳು.

"ಯಾರೋ ಅಲ್ಲ ಮೇಡಂ. ಇವ್ನೇ!" ಸೌಜನ್ಯಾಳ ಬೆರಳು ಗಣೇಶನ ಕಡೆ ತಿರುಗಿತು.

ಸಾಗರದ ಆ ಗ್ಯಾರೇಜಿನಲ್ಲಿ ಅಂದು ಮಧ್ಯಾಹ್ನ ಇದ್ದವರು ನಾಲ್ಕೇ ಜನ. ಗ್ಯಾರೇಜಿನ ಒಡತಿ ಕುಮುದಾ. ಕಾರಿನ ಮಾಲೀಕ, ಡ್ರೈವರ್ ಎರಡೂ ಆದ ಗಣೇಶ. ಹೊಸನಗರದ ಸುತ್ತಿನ ಹಳ್ಳಿಗಳ ರೋಗಿಗಳನ್ನು, ಬಸುರಿಯರನ್ನು ಹದಿನಾಲ್ಕು ವರ್ಷ ಆಸ್ಪತ್ರೆ ಮುಟ್ಟಿಸಿದವನು. ತೀರ್ಥಹಳ್ಳಿಯಲ್ಲಿ ಟೀಚರ್ ಆಗಿರುವ ಸೌಜನ್ಯಾ. ಮತ್ತೆ ಅವಳ ತಂದೆ ಹೂವಯ್ಯ ಗೌಡರು.

ಹನ್ನೆರಡು ದಿನದ ಕೆಳಗೆ ಗೌಡರ ಹೆಂಡತಿ ವರದಮ್ಮನಿಗೆ ಬೆಳಿಗ್ಗೆ ಎದೆನೋವು ಬಂತು. ಗಣೇಶನ ಡೀಸೆಲ್ ಕಾರು ಸಾಗರದ ಕಡೆ ಹೊರಟಿತು. ದಾರಿಯಲ್ಲಿ ಒಂದು ಮೋರಿ, ಅದರ ಮೇಲೆ ಹರಿಯುವ ನೀರು. ಕಾರು ಅಲ್ಲೇ ನಿಂತಿತು. ಗಣೇಶ ಜೀಪು ಹುಡುಕಿ ತರುವಷ್ಟರಲ್ಲಿ ವರದಮ್ಮ ಗಂಡನ ತೋಳಿನಲ್ಲೇ ಪ್ರಾಣ ಬಿಟ್ಟಿದ್ದರು.

"ಎಂಜಿನ್ ಹಾಳ್ಮಾಡಿ, ಅಮ್ಮನ್ನ ದಾರೀಲಿ ಬಿಟ್ಟು ಹೋದ. ಪೊಲೀಸ್ ಸ್ಟೇಷನ್ನಲ್ಲಿ ಮೆಕ್ಯಾನಿಕ್ ಹತ್ರ ಬರೆಸ್ಕೊಂಡು ಬನ್ನಿ ಅಂದಿದ್ದಾರೆ. ಇವ್ನ ತಪ್ಪು ಅಂತ ಬರ್ದು ಕೊಡಿ," ಎಂದಳು ಸೌಜನ್ಯಾ.

ಗಣೇಶ ತಲೆ ಎತ್ತಲಿಲ್ಲ. ಆ ಹಳ್ಳಿಗಳಲ್ಲಿ ಈಗಾಗಲೇ ಯಾರೂ ಅವನನ್ನು ಕರೆಯುತ್ತಿರಲಿಲ್ಲ. ಆ ಕಾಗದವೂ ಆಗಿಬಿಟ್ಟರೆ ಅವನ ಕಥೆ ಮುಗಿದಂತೆ. ಕುಮುದಾಳಿಗೆ ಅವನನ್ನು ನೋಡಿ ಮರುಕ ಬಂತು; ಆದರೆ ಎಂಜಿನ್ ಸುಳ್ಳು ಹೇಳುವುದಿಲ್ಲವಲ್ಲ.

"ನೀರಿಗೆ ಯಾಕೆ ಇಳಿಸ್ದೆ ಗಣೇಶ?"

"ಮೊಣಕಾಲುದ್ದನೂ ಇರ್ಲಿಲ್ಲ ಕುಮುದಕ್ಕ, ದಾಟಿಸ್ಬೋದಿತ್ತು. ಎದುರಿಂದ ಬಸ್ ಬಂತು. ಅದ್ರ ಅಲೆ ಬಾನೆಟ್ ಮೇಲೇ ಹೊಡೀತು. ಎಂಜಿನ್ ತಡವರಿಸ್ತು—ತಕ್ಷಣ ಕೀ ಆಫ್ ಮಾಡ್ದೆ."

"ಆಮೇಲೆ ಮತ್ತೆ ಸ್ಟಾರ್ಟ್ ಹೊಡೆದ್ಯಾ?"

"ಇಲ್ಲ! ನೀರು ಕುಡಿದ ಎಂಜಿನ್ ಮುಟ್ಬೇಡ ಅಂತ ನೀವೇ ಹೇಳಿದ್ರಲ್ಲ. ಗೌಡ್ರೂ ನಾನೂ ಸೇರಿ ದಿಬ್ಬಕ್ಕೆ ತಳ್ಳಿದ್ವಿ. ನೆಟ್‌ವರ್ಕ್ ಇರ್ಲಿಲ್ಲ. ಜೀಪ್ ತರಕ್ಕೆ ಓಡ್ದೆ."

"ಕೀ ಎಲ್ಲಿತ್ತು?"

"ಕಾರಲ್ಲೇ ಬಿಟ್ಟೆ. ಅಮ್ಮಂಗೆ ಉಸಿರು ಕಟ್ತಿತ್ತು. ಕಿಟಕಿ ಗಾಜು ಇಳ್ಸಕ್ಕೆ ಬೇಕಲ್ಲ?"

"ಚೆನ್ನಾಗಿ ಕಟ್ತಾನೆ ಕಥೆ," ಸೌಜನ್ಯಾ ಕಿಡಿಕಾರಿದಳು. "ಅಪ್ಪಯ್ಯ, ನೀವು ಕಂಡಿದ್ದು ಹೇಳಿ."

ಹೂವಯ್ಯ ನೆಲ ನೋಡುತ್ತಿದ್ದರು. "ಅವ್ನು ಮುಂದ್ಗಡೆ ಏನೋ ಮಾಡ್ತಿದ್ದ... ನಂಗೆ ಸರೀ ನೆನಪಿಲ್ಲ ಮಗಾ."

ಕುಮುದಾ ಮತ್ತೆ ಬೆಂಚಿನ ಹತ್ತಿರ ಹೋದಳು. ಬಿಚ್ಚಿಟ್ಟ ಭಾಗಗಳ ನಡುವೆ ಏರ್ ಪೈಪ್ ಬಿದ್ದಿತ್ತು—ಎಂಜಿನ್ ಗಾಳಿ ಎಳೆದುಕೊಳ್ಳುವ ರಬ್ಬರ್ ಕೊಳವೆ. ಒಳಗೆ ಬಿಳಿ ಪಸೆ. ಬೆಳಿಗ್ಗೆಯೇ ಅದನ್ನು ಕಂಡಿದ್ದಳು. ನೀರು ಬೆರೆತ ಆಯಿಲ್ ಹಾಲಿನಂತೆ ಬೆಳ್ಳಗಾಗುತ್ತದೆ, ಅದೇ ಇರಬೇಕು ಎಂದು ಬದಿಗಿಟ್ಟಿದ್ದಳು. ಇಪ್ಪತ್ತು ವರ್ಷದ ಅನುಭವಸ್ಥೆ! ಈಗ ತನ್ನ ಮೇಲೇ ಸಿಟ್ಟು ಬಂತು. ಆ ಆಯಿಲ್ ಇರುವುದು ಎಂಜಿನ್ನಿನ ತಳದಲ್ಲಿ. ಇಷ್ಟು ಮೇಲಿನ ಪೈಪಿಗೆ ಹೇಗೆ ಬಂತು?

ಬೆರಳಿನಿಂದ ಸ್ವಲ್ಪ ತೆಗೆದಳು. ಮೈಬಿಸಿಗೆ ಅದು ಕರಗಿತು. ಮೂಸಿದಳು.

"ಗಣೇಶ, ಕಾರಲ್ಲಿ ಎಣ್ಣೆ ಕ್ಯಾನ್ ಇಟ್ಟಿದ್ಯಾ?"

"ಇಲ್ಲಕ್ಕ."

"ಗೌಡ್ರೇ, ನಿಮ್ಮಲ್ಲಿ ಡೀಸೆಲ್ ಪಂಪ್‌ಸೆಟ್ ಇತ್ತಾ?"

"ಇತ್ತು. ನಲವತ್ತು ವರ್ಷ ನಾನೇ ನೋಡ್ಕೊಂಡಿದ್ದು. ಒಬ್ಬ ರಿಪೇರಿಯವ್ನೂ ಕೈ ಹಾಕಿಲ್ಲ." ಮುಖದಲ್ಲಿ ಒಂದು ಗಳಿಗೆ ಹಳೆಯ ಗತ್ತು ಬಂದು ಹೋಯಿತು.

"ಹಳ್ಳ ಬಂದು ಅದ್ರೊಳಗೆ ನೀರು ಹೋದ್ರೆ?"

"ಲಿವರ್ ಎತ್ತಿ ಹ್ಯಾಂಡಲ್ ತಿರುಗ್ಸದು. ನೀರೆಲ್ಲ ಉಗುಳ್ತದೆ. ಆಮೇಲೆ ಬೇಗ ಹತ್ಲಿ ಅಂತ ಗಾಳಿ ಎಳ್ಕಳೋ ಬಾಯಿಗೆ ಒಂಚೂರು ಎಣ್ಣೆ ಬಿಟ್ಟು..."

ಮಾತು ಅಲ್ಲಿಗೇ ನಿಂತಿತು.

ಕುಮುದಾ ಪೈಪನ್ನು ಸೌಜನ್ಯಾಳ ಕೈಗೆ ಕೊಟ್ಟಳು. "ಮೂಸಿ ನೋಡಿ."

ಸೌಜನ್ಯಾ ಮೂಗಿನ ಹತ್ತಿರ ತಂದಳು. ಒಂದೆಲಗ, ದಾಸವಾಳದ ಸೊಪ್ಪು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ. ಎಷ್ಟೋ ವರ್ಷ ಆ ಎಣ್ಣೆ ಹಚ್ಚಿ ಜಡೆ ಹೆಣೆದ ಕೈ ಈಗ ಇಲ್ಲ. ಅವಳ ಕಣ್ಣು ತುಂಬಿ ಬಂತು. "ಇದು... ಅಮ್ಮನ ಎಣ್ಣೆ. ಇಲ್ಲಿಗೆ ಹೆಂಗೆ ಬಂತು?"

"ಆಸ್ಪತ್ರೆಗೆ ಅಂತ ಕಟ್ಟಿದ ಚೀಲದಿಂದ," ಎಂದಳು ಕುಮುದಾ ಮೆಲ್ಲಗೆ. "ಕಾರಿನೋರು ಯಾರೂ ಏರ್ ಪೈಪಿಗೆ ಎಣ್ಣೆ ಬಿಡಲ್ಲ. ಅದು ಪಂಪ್‌ಸೆಟ್ ಪಳಗಿಸಿದೋರ ಕೈ. ಪಂಪ್‌ಸೆಟ್ಟಿಗೆ ನೀರು ಉಗುಳೋಕೆ ಲಿವರ್ ಇದೆ, ಕಾರಿಗಿಲ್ಲ. ಎಣ್ಣೆ ಹೋದ ಸಿಲಿಂಡರ್ ಹತ್ತಿಕೊಂಡ್ತು, ನೀರು ತುಂಬಿದ್ದು ಕಚ್ಕೊಂಡ್ತು. ನೀರು ಒತ್ತಿದ್ರೆ ಕುಗ್ಗಲ್ವಲ್ಲ, ರಾಡ್ ಬಾಗ್ತು. ಆ ಹೊತ್ತಿಗೆ ಗಣೇಶ ಅಲ್ಲಿರ್ಲಿಲ್ಲ. ಕೀ ತಿರುಗಿಸಿದ್ದು ನೀವು ಗೌಡ್ರೇ. ಅಲ್ವಾ?"

ಹೂವಯ್ಯ ಅಲ್ಲೇ ಇದ್ದ ಟೈರಿನ ಮೇಲೆ ಕುಸಿದು ಕೂತರು.

"ಅವ್ಳೇ ಹೇಳಿದ್ಲು. 'ನಿಮ್ ಕೈಲಿ ಹತ್ತದೇ ಇರೋ ಎಂಜಿನ್ ಯಾವ್ದು, ನೋಡ್ರಿ' ಅಂದ್ಲು. ಬಾಟ್ಲಿನೂ ಅವ್ಳೇ ತೆಗ್ದು ಕೊಟ್ಲು. ಹೆಪ್ಪುಗಟ್ಟಿತ್ತು, ಬಿಸಿ ಎಂಜಿನ್ ಮೇಲೆ ಇಟ್ಟು ಕರಗಿಸ್ದೆ. ಕೀ ತಿರುಗಿಸ್ದೆ... ಒಂದ್ಸಲ ಕೆಮ್ತು. ಕಟಕ್ ಅಂತು. ನಂಗೆ ಆಗ್ಲೇ ಗೊತ್ತಾಯ್ತು. ಅವ್ಳು ಕೇಳಿದ್ಲು—'ಆಯ್ತಾ?' 'ಆಯ್ತು, ಇನ್ನೇನು ಹೊರಡದೇ' ಅಂದೆ. ನಕ್ಕೊಂಡು ಕಣ್ಮುಚ್ಚಿದ್ಲು. ಮತ್ತೆ ಬಿಡ್ಲೇ ಇಲ್ಲ."

ಹೂವಯ್ಯ ಅಂಗೈಯಿಂದ ಮುಖ ಒರೆಸಿಕೊಂಡರು.

"ಮಗ್ಳು ಇವ್ನನ್ನ ಬೈದಾಗ ಸುಮ್ನಿದ್ದೆ. ಕೊಂದಿದ್ದು ನಾನು ಅಂತ ಹೇಳಕ್ಕೆ ಬಾಯಿ ಬರ್ಲಿಲ್ಲ." ಅವರು ಕುಮುದಾಳ ಮುಖ ನೋಡಿದರು. "ನಾನು ಮುಟ್ಟದೇ ಇದ್ದಿದ್ರೆ ಉಳೀತಿದ್ಲಾ?"

"ಇಲ್ಲ ಗೌಡ್ರೇ. ಯಾರೂ ಮುಟ್ಟದಿದ್ರೂ ಆ ಕಾರು ಅವತ್ತು ಹೊರಡ್ತಿರ್ಲಿಲ್ಲ. ಇಂಜೆಕ್ಟರ್ ಬಿಚ್ಚಿ ನೀರು ತೆಗೀಬೇಕು, ಒಣಗಿಸ್ಬೇಕು, ಆಯಿಲ್ ಬದಲಾಯಿಸ್ಬೇಕು. ಇಡೀ ಒಂದು ದಿನದ ಕೆಲಸ. ನೀವು ಕೆಡಿಸಿದ್ದು ಎಂಜಿನ್ ಒಂದನ್ನೇ."

ಇದನ್ನು ಕುಮುದಾ ಬೆಳಿಗ್ಗೆ ಫೋನಿನಲ್ಲೇ ಸೌಜನ್ಯಾಳಿಗೆ ಹೇಳಿದ್ದಳು. ಆಗ ಆ ದುಃಖಕ್ಕೆ ಒಬ್ಬ ಅಪರಾಧಿ ಬೇಕಾಗಿದ್ದ, ಮಾತು ಕಿವಿಗೇ ಬಿದ್ದಿರಲಿಲ್ಲ. ಈಗ ಬಿತ್ತು. ಸೌಜನ್ಯಾ ಗಣೇಶನ ಕಡೆ ತಿರುಗಿ ಕೈ ಮುಗಿಯಲು ಹೋದಳು. ಪೈಪ್ ಇನ್ನೂ ಕೈಯಲ್ಲೇ ಇತ್ತು; ಅಳು ಒತ್ತರಿಸಿ ಬಂತು.

"ಕಾಗದ ಬರೀರಿ," ಎಂದರು ಹೂವಯ್ಯ. "ನನ್ ಹೆಸ್ರೇ ಹಾಕಿ. ಊರೋರಿಗೂ ಮನೆಮನೆಗೆ ಹೋಗಿ ನಾನೇ ಹೇಳ್ತೀನಿ. ಗಣೇಶಾ, ನಿನ್ನ ಮುಖ ನೋಡಕ್ಕೆ ನಂಗೆ ಯೋಗ್ಯತೆ ಇಲ್ಲ ಕಣೋ."

ಗಣೇಶ ಬಾಗಿದ ರಾಡನ್ನು ಎತ್ತಿ ನೋಡಿ ಬೆಂಚಿನ ಮೇಲಿಟ್ಟ. ಹನ್ನೆರಡು ದಿನ ಊರವರಿಂದೆಲ್ಲ ಉಗಿಸಿಕೊಂಡವನು; ಅಷ್ಟು ಬೇಗ ಮರೆಯಲು ಅವನೇನು ದೇವರಲ್ಲ. ಬೇಕೆಂದರೆ ಆಗ ಗೌಡರಿಗೆ ಎರಡು ಬಿರುಸು ಮಾತು ಅನ್ನಬಹುದಿತ್ತು.

ಕುಮುದಾ ಬಿಡಿಭಾಗಗಳನ್ನು ತೊಳೆಯಲು ಡೀಸೆಲ್ ಬೋಗುಣಿ ಎಳೆದುಕೊಂಡು ಪೈಪಿಗೆ ಕೈ ಚಾಚಿದಳು. ಸೌಜನ್ಯಾ ಅದನ್ನು ಎದೆಗೊತ್ತಿ ಹಿಡಿದಿದ್ದಳು.

"ಅದನ್ನ ತೊಳೀಬೇಡಿ ಕುಮುದಕ್ಕ," ಎಂದ ಗಣೇಶ. "ನನ್ ಕಾರಿಗೆ ಹೊಸಾದು ಹಾಕಿ. ಅದು ಅವ್ರ ಹತ್ರನೇ ಇರ್ಲಿ."