ಖಾಲಿ ಬಿಟ್ಟ ವಯಸ್ಸು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೊಲಿಗೆ ಕೆಲಸದವಳು. ಅಳತೆಯ ಟೇಪು ಕೊರಳಲ್ಲೇ ನೇತಾಡುತ್ತಿತ್ತು, ತೆಗೆಯಬೇಕೆಂಬ ಎಚ್ಚರವೂ ಅವಳಿಗಿರಲಿಲ್ಲ.

“ನಮ್ಮಪ್ಪನ್ನ ಕೊಂದಿದ್ದಾರೆ, ಬರ್ಕೊಳ್ಳಿ,” ಎಂದಳು.

ಇನ್ಸ್‌ಪೆಕ್ಟರಳೂ ನಿಂತೇ ಕೇಳಿದಳು. ಅವಳು ಕೂರುವುದೇ ಕಡಿಮೆ. ಕೂತರೆ ಮೇಜಿನಡಿ ಕಾಲು ತಾನಾಗಿ ಕುಣಿಯಲು ಶುರುಮಾಡುತ್ತಿತ್ತು. ‘ಮೇಡಂ ಕಾಲಲ್ಲಿ ಹೊಲಿಗೆ ಮಿಷನ್ ಇದೆ’ ಎಂದು ನಗಿಸುವ ದಫೇದಾರ ಇವತ್ತು ಆ ಮಾತನ್ನು ನುಂಗಿಕೊಂಡು ಕಾಗದ ಎಳೆದುಕೊಂಡ.

ಶನಿವಾರ ಮಧ್ಯಾಹ್ನ ಅವಳ ತಂದೆಗೆ ಎದೆನೋವು ಬಂದಿತ್ತು. ಫೋನು ಮಾಡಿದ ಮೇಲೆ ಆಂಬುಲೆನ್ಸ್ ಊರಿನ ಆ ತುದಿಯಿಂದ ಬಂತು. ಅಪ್ಪನನ್ನು ಹತ್ತಿಸಿಕೊಂಡು ತಿರುವು ದಾಟುವಾಗ ಅವಳು ಕಿಟಕಿಯಿಂದ ಕಂಡದ್ದು, ಪೆಟ್ರೋಲ್ ಬಂಕಿನ ನೆರಳಲ್ಲಿ ನಿಂತಿದ್ದ ಇನ್ನೊಂದು ಆಂಬುಲೆನ್ಸು. ಡ್ರೈವರ್ ಒಳಗೇ ಕೂತಿದ್ದ. ಮನೆಯಿಂದ ಕೂಗಿದರೆ ಕೇಳಿಸುವಷ್ಟು ದೂರ. ಆಸ್ಪತ್ರೆ ತಲುಪುವಷ್ಟರಲ್ಲಿ ಅಪ್ಪನ ಕೈ ತಣ್ಣಗಾಗಿತ್ತು.

“ಹತ್ತು ನಿಮಿಷ ಮುಂಚೆ ಬಂದಿದ್ರೆ ಉಳೀತಿದ್ರು ಅಂತ ಡಾಕ್ಟ್ರೇ ಹೇಳಿದ್ರು. ಅವನು ಕೂತ್ಕೊಂಡು ನೋಡ್ತಿದ್ದ ಮೇಡಂ. ಕೂತ್ಕೊಂಡು!”

ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ಡ್ರೈವರ್.

ಮಧ್ಯಾಹ್ನಕ್ಕೆ ಅವನನ್ನು ಕರೆತಂದರು. ಸುದ್ದಿ ಅಷ್ಟರಲ್ಲೇ ಹಬ್ಬಿ ಯಾರೋ ಕಲ್ಲು ಎಸೆದಿದ್ದರು. ಹುಬ್ಬಿನ ಮೇಲೆ ಹಸಿ ಗಾಯ, ಮೈಮೇಲೆ ಇಸ್ತ್ರಿ ಮಾಡಿದ ಸಮವಸ್ತ್ರ. ಕೆಲಸದಿಂದ ಅಮಾನತಾಗಿದ್ದರೂ ಅದನ್ನೇ ಹಾಕಿಕೊಂಡು ಬಂದಿದ್ದ.

“ಕರೆ ಬಂದಿತ್ತಾ?”

“ಇಲ್ಲ ಮೇಡಂ.”

“ಬಂದಿದ್ದನ್ನ ಒರೆಸಿ ಹಾಕಿದ್ಯಾ?”

“ಒರೆಸೋಕೆ ಬರಲ್ಲ. ಗಾಡೀಲಿರೋ ಟ್ಯಾಬ್ ನೋಡ್ಕೊಳ್ಳಿ.”

“ಯಾವತ್ತಾದ್ರೂ ಕರೆಗೆ ಹೋಗಲ್ಲ ಅಂದಿದ್ದೀಯಾ?”

ಅವನು ತಲೆ ತಗ್ಗಿಸಿದ. “ಇಲ್ಲ. ಬೇಸಿಗೇಲಿ ಒಂದು ಮಗು... ನನ್ನ ಗಾಡೀಲೇ ಹೋಯ್ತು. ನಾಲ್ಕು ವರ್ಷದ್ದು. ಆಮೇಲೂ ಒಂದು ದಿನ ರಜೆ ಹಾಕಿಲ್ಲ. ಕೈ ನಡುಗುತ್ತೆ ಅಂತ ಹೇಳಿದ್ರೆ ಸ್ಟೇರಿಂಗಿಂದ ಇಳಿಸಿಬಿಡ್ತಾರೆ.”

ಪಂಚರ ಎದುರು ಟ್ಯಾಬ್ ತೆರೆದು ನೋಡಿ, ಪಂಚನಾಮೆ ಬರೆದು ಮುದ್ರೆ ಹಾಕಿದರು. ಶನಿವಾರ ಮಧ್ಯಾಹ್ನ ಅದರಲ್ಲಿ ಯಾವ ಕರೆಯೂ ಇರಲಿಲ್ಲ.

ಮೇಲಧಿಕಾರಿ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. “ಇವತ್ತೇ ಅರೆಸ್ಟ್ ತೋರಿಸಮ್ಮ, ಜನ ರೊಚ್ಚಿಗೆದ್ದಿದಾರೆ,” ಎಂದು ಫೋನಿನಲ್ಲೇ ಗುಡುಗಿದರು. ಅವಳು ಬುಧವಾರದವರೆಗೆ ಗಡುವು ಕೇಳಿದಳು. ಕೊಟ್ಟರು, ಆದರೆ ಕೊಟ್ಟ ದನಿಯಲ್ಲೇ ಅದನ್ನು ವಾಪಸ್ಸೂ ಎಳೆದುಕೊಂಡಂತಿತ್ತು. ಫೋನಿಟ್ಟವಳು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಅಡ್ಡಾಡಿದಳು. ಬುಧವಾರದೊಳಗೆ ಬೇರೆ ಉತ್ತರ ಸಿಗದಿದ್ದರೆ ಈ ಡ್ರೈವರ್ ಒಳಗೆ ಹೋಗುತ್ತಾನೆ. ಮೈಮೇಲೆ ಇರುವೆ ಬಿಟ್ಟುಕೊಂಡಂತಾಗಿ ಅವಳು ಟೋಪಿ ಎತ್ತಿಕೊಂಡಳು.

ತುರ್ತು ಕರೆಗಳ ಕಂಟ್ರೋಲ್ ರೂಮಿನಲ್ಲಿ ತಂಪು ಗಾಳಿ, ಒಂದೇ ಸಮನೆ ಫೋನುಗಳು. ಆ ಕರೆ ಎತ್ತಿಕೊಂಡ ಹುಡುಗಿಯನ್ನು ಅಲ್ಲಿ ಎಲ್ಲರೂ ಚಿಲಿಪಿಲಿ ಎನ್ನುತ್ತಿದ್ದರು. ಇವತ್ತು ಅವಳು ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟು ಕೂತಿದ್ದಳು.

“ಹತ್ತಿರದ ಗಾಡಿ ಬಿಟ್ಟು ದೂರದ್ದು ಯಾಕೆ ಕಳಿಸಿದೆ?”

“ಪರದೇಲಿ ಮೇಲೆ ಯಾವ್ದಿರುತ್ತೋ ಅದನ್ನ ಕಳಿಸೋದು ಮೇಡಂ. ಬಂಕಿನ ಗಾಡಿ ಮೂರನೇದಾಗಿತ್ತು. ಆಯಮ್ಮ ಅಳ್ತಾನೇ ಇದ್ರು. ಯಾರಿಗೆ, ಎಷ್ಟು ವಯಸ್ಸು, ಏನೂ ತಿಳೀಲಿಲ್ಲ. ಎದೆನೋವು ಅಂದಿದ್ದಷ್ಟೇ ಸಾಕು ಅಂತ ಮಿಕ್ಕಿದ್ದು ಖಾಲಿ ಬಿಟ್ಟು ಒತ್ತಿಬಿಟ್ಟೆ. ವಯಸ್ಸು ಕೇಳ್ತಾ ಕೂತ್ರೆ ಪ್ರಾಣ ಹೋಗುತ್ತೆ.”

ತಂತ್ರಾಂಶ ನೋಡಿಕೊಳ್ಳುವ ಹಿರಿಯ ಎಂಜಿನಿಯರಳನ್ನು ವ್ಯವಸ್ಥಾಪಕ ಕರೆಸಿದ. ನಲವತ್ತರ ಆಸುಪಾಸು, ಬಿಗಿದು ಕಟ್ಟಿದ ಜಡೆ. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ. ಡೇಟಾಬೇಸಿನ ಟೇಬಲುಗಳನ್ನು ಒಂದೊಂದಾಗಿ ತೆರೆದು ತೋರಿಸಿದಳು: ಗಾಡಿಗಳು, ಡ್ರೈವರುಗಳು, ಗಾಡಿ ನಿಂತ ಜಾಗ. ಶನಿವಾರ ಆ ಗಾಡಿ ಬಂಕಿನ ಬಳಿಯೇ ಇದ್ದುದು ಸರಿಯಾಗಿ ನಮೂದಾಗಿತ್ತು. ಯಾರೂ ಯಾವುದನ್ನೂ ತಿದ್ದಿದ ಗುರುತಿಲ್ಲ.

“ಎಷ್ಟು ನಿಮಿಷಕ್ಕೆ ತಲುಪುತ್ತೆ ಅಂತ ಪರದೇಲಿ ಬರುತ್ತಲ್ಲ, ಅದು ಎಲ್ಲಿದೆ?” ಇನ್ಸ್‌ಪೆಕ್ಟರಳು ಕೇಳಿದಳು.

“ಎಲ್ಲೂ ಇಲ್ಲ.”

“ಎಲ್ಲೂ ಇಲ್ಲ ಅಂದ್ರೆ?”

“ಟೇಬಲಲ್ಲಿ ಆ ಕಾಲಂ ಇಲ್ಲ ಮೇಡಂ. ಗಾಡಿ ಚಲಿಸ್ತಾ ಇರುತ್ತೆ, ಬರೆದಿಟ್ರೆ ಮರುಕ್ಷಣ ಸುಳ್ಳಾಗುತ್ತೆ. ಅದಕ್ಕೆ ಕೇಳಿದಾಗಲೇ ಲೆಕ್ಕ ಹಾಕಿಸ್ತೀವಿ. ನಾವು ಬರೆಯೋ ಪ್ರೋಗ್ರಾಮಿಗೂ ಡೇಟಾಬೇಸಿಗೂ ಮಧ್ಯೆ ಓಆರ್‌ಎಂ ಅಂತ ಒಂದು ದುಭಾಷಿ ಇದೆ. ‘ಗಾಡಿಗಳನ್ನ ಕೊಡು, ಜೊತೆಗೆ ತಲುಪೋ ಸಮಯ ಅಂತ ಒಂದು ಕಾಲಂ ಸೇರಿಸು’ ಅಂತ ಅದಕ್ಕೆ ಹೇಳ್ತೀವಿ. ಅದು ಡೇಟಾಬೇಸಿನ ಭಾಷೇಲಿ ಪ್ರಶ್ನೆ ಕಟ್ಟಿ ಕಳಿಸುತ್ತೆ. ಉತ್ತರದಲ್ಲಿ ಆ ಕಾಲಂ ಇರುತ್ತೆ. ನೋಡಿದ್ದಾಯ್ತು ಅಂದ್ರೆ ಇರಲ್ಲ.”

ದಫೇದಾರ ಪೆನ್ನು ಕೆಳಗಿಟ್ಟ. “ನನ್ನ ತಪ್ಪುಗಳ ಥರಾನೇ ಮೇಡಂ. ಮನೆಯವಳು ಎಲ್ಲೂ ಬರೆದಿಟ್ಟಿಲ್ಲ. ಕೇಳಿದ ತಕ್ಷಣ ಲೆಕ್ಕ ಸಮೇತ ಬರುತ್ತೆ.”

ಚಿಲಿಪಿಲಿ ಕೂಡ ನಕ್ಕಳು. ಎಂಜಿನಿಯರಳು ನಗಲಿಲ್ಲ. ಇನ್ಸ್‌ಪೆಕ್ಟರಳು ಅದನ್ನು ಗಮನಿಸಿದಳು, ಆದರೆ ನಗದಿರುವುದು ಅಪರಾಧವಲ್ಲವಲ್ಲ. ಅವಳನ್ನು ಕಾಡಿದ್ದು ಬೇರೆ. ಕತ್ತಿಯನ್ನು ಜಪ್ತಿ ಮಾಡಬಹುದು, ಟ್ಯಾಬಿಗೆ ಮುದ್ರೆ ಹಾಕಬಹುದು. ನೋಡಿದಾಗ ಹುಟ್ಟಿ ನೋಡಿದ ಮೇಲೆ ಸಾಯುವ ಸಂಖ್ಯೆಗೆ ಪಂಚನಾಮೆ ಬರೆಯುವುದು ಹೇಗೆ?

ಮಂಗಳವಾರ ಸೈಬರ್ ವಿಭಾಗದಿಂದ ತಂತ್ರಜ್ಞ ಬಂದ. ವಿಪರೀತ ನೆಗಡಿ, ಕೈಯಲ್ಲಿ ಕರವಸ್ತ್ರ. ಪ್ರೋಗ್ರಾಮು ಮತ್ತು ಡೇಟಾಬೇಸಿನ ಪ್ರತಿಗಳನ್ನು ಪಂಚರ ಎದುರು ಪಡೆದು, ಠಾಣೆಯ ಹಿಂದಿನ ಕೋಣೆಯಲ್ಲಿ ಶನಿವಾರದ ಮಧ್ಯಾಹ್ನವನ್ನೇ ಮತ್ತೆ ಹುಟ್ಟಿಸಿದ. ಅವೇ ಗಾಡಿಗಳು, ಅವೇ ಜಾಗಗಳು. ಎದೆನೋವು, ಎಪ್ಪತ್ತೊಂದು ವರ್ಷದ ಗಂಡಸು ಎಂದು ತುಂಬಿ ಒತ್ತಿದ.

ಬಂಕಿನ ಗಾಡಿ ಮೊದಲನೆಯದಾಗಿ ಬಂತು.

“ಲೆಕ್ಕ ಸರಿಯಾಗೇ ಇದೆ ಮೇಡಂ,” ಅವನು ಸೀನಿದ. “ಆ ಹುಡುಗಿ ಸುಳ್ಳು ಹೇಳ್ತಿರಬೇಕು.”

ದಫೇದಾರ ನಿಟ್ಟುಸಿರು ಬಿಟ್ಟ. ಇನ್ಸ್‌ಪೆಕ್ಟರಳು ಅಂಗಳಕ್ಕೆ ಹೋಗಿ ಎರಡು ಸುತ್ತು ಹಾಕಿದಳು. ಬೆಂಚಿನ ಮೇಲೆ ಹೊಲಿಗೆಯವಳು ಕೂತಿದ್ದಳು. ಆ ಕಡೆ ನೋಡಲಾರದೆ ಇನ್ಸ್‌ಪೆಕ್ಟರಳು ಅರ್ಧಕ್ಕೇ ತಿರುಗಿದಳು, ಮತ್ತು ತಿರುಗುವಾಗ ಚಿಲಿಪಿಲಿಯ ಮಾತು ಕಿವಿಯಲ್ಲಿ ಸುಳಿಯಿತು. ಒಳಗೆ ಓಡಿದಳು.

“ವಯಸ್ಸು ತೆಗೀರಿ.”

“ಏನು?”

“ಅವಳು ವಯಸ್ಸು ಹಾಕಿರ್ಲಿಲ್ಲ. ನೀವು ಹಾಕಿದ್ರಿ. ಖಾಲಿ ಬಿಟ್ಟು ಒತ್ತಿ.”

ಒತ್ತಿದ. ಬಂಕಿನ ಗಾಡಿ ಜಾರಿ ಮೂರನೆಯ ಸಾಲಿಗೆ ಇಳಿಯಿತು. ಮೂರು ನಿಮಿಷದ ದಾರಿ ಹದಿನೈದು ನಿಮಿಷವಾಗಿತ್ತು.

ತಂತ್ರಜ್ಞ ನೆಗಡಿಯನ್ನೂ ಮರೆತು ಕೀಲಿಮಣೆಗೆ ಬಾಗಿದ. ಓಆರ್‌ಎಂ ಕಟ್ಟಿ ಕಳಿಸಿದ ಪ್ರಶ್ನೆಯನ್ನು ಇದ್ದಂತೆ ಅಚ್ಚು ಹಾಕಿಸಿ, ಬೆರಳಿಟ್ಟು ಓದಿದ. ದೂರವನ್ನು ವೇಗದಿಂದ ಭಾಗಿಸು. ಅದಾದ ಮೇಲೆ ಒಂದು ಬಾಲ: ಡ್ರೈವರ್ ಬಂಕಿನ ಗಾಡಿಯವನಾಗಿದ್ದು ರೋಗಿಯ ವಯಸ್ಸು ಹನ್ನೆರಡಕ್ಕಿಂತ ಕಡಿಮೆ ಇದ್ದರೆ, ಹನ್ನೆರಡು ನಿಮಿಷ ಕೂಡಿಸು. ವಯಸ್ಸು ಖಾಲಿ ಇದ್ದರೆ ಸೊನ್ನೆ ಎಂದು ತಿಳಿ.

“ಸೊನ್ನೆ,” ಎಂದಳು ಇನ್ಸ್‌ಪೆಕ್ಟರಳು. “ಅಂದ್ರೆ ಎಪ್ಪತ್ತೊಂದು ವರ್ಷದ ಮುದುಕ...”

“ಈಗಷ್ಟೇ ಹುಟ್ಟಿದ ಕೂಸು, ಈ ಲೆಕ್ಕಕ್ಕೆ. ಖಾಲಿ ಬೇರೆ, ಸೊನ್ನೆ ಬೇರೆ ಅಂತ ನಮಗೆ ಮೊದಲ ವಾರವೇ ಕಲಿಸ್ತಾರೆ ಮೇಡಂ. ಆದ್ರೂ ಅವಸರದಲ್ಲಿ ಎಲ್ಲರೂ ಒಮ್ಮೆಯಾದ್ರೂ ಎಡವ್ತೀವಿ.”

ಬರೆದವರು ಯಾರು? ಬದಲಾವಣೆ ಇಡೀ ತಂಡ ಬಳಸುವ ಒಂದೇ ಖಾತೆಯಿಂದ ಆಗಿತ್ತು. ಅದರಲ್ಲಿ ಹೆಸರಿರಲಿಲ್ಲ. ಆದರೆ ಇನ್ಸ್‌ಪೆಕ್ಟರಳಿಗೆ ಹೆಸರಿಗಿಂತ ಕಾರಣ ಬೇಕಾಗಿತ್ತು. ಈ ಡ್ರೈವರಿಂದ ಮಕ್ಕಳನ್ನು ದೂರವಿಡಬೇಕು ಅಂತ ಯಾರಿಗೆ ಅನ್ನಿಸೀತು? ಅವನನ್ನು ಮತ್ತೆ ಕರೆಸಿದಳು.

“ಆ ಮಗುವಿನ ವಿಷಯದಲ್ಲಿ ನಿನಗೆಷ್ಟು ನೋವಾಗಿದೆ ಅಂತ ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ. ಮನೇಲಿ ಅಕ್ಕನಿಗೆ ಮಾತ್ರ.”

“ಅಕ್ಕ ಏನ್ ಮಾಡ್ತಾರೆ?”

“ಕಂಟ್ರೋಲ್ ರೂಮಲ್ಲೇ, ಕಂಪ್ಯೂಟರ್ ಕೆಲಸ. ಡ್ರೈವರ್ ಬೇಕಂತೆ ಅಂತ ನನಗೆ ಹೇಳಿದ್ದೂ ಅವಳೇ.” ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. “ಯಾಕೆ ಮೇಡಂ? ಅಕ್ಕ ಏನ್ ಮಾಡಿದ್ಲು?”

ಬುಧವಾರ ಹನ್ನೊಂದಕ್ಕೆ ಅವರು ಕಂಟ್ರೋಲ್ ರೂಮಿಗೆ ಹೋದಾಗ ಎಂಜಿನಿಯರಳು ತನ್ನ ಮೇಜನ್ನು ಒರೆಸಿ ಚೊಕ್ಕ ಮಾಡಿ ಕೂತಿದ್ದಳು. ಅಚ್ಚಾದ ಹಾಳೆಯನ್ನು ನೋಡಿ ಕನ್ನಡಕ ತೆಗೆದಳು.

“ಶನಿವಾರ ರಾತ್ರಿ ನಾನೇ ಒತ್ತಿ ನೋಡಿದೆ. ಆಗಲೇ ಗೊತ್ತಾಯ್ತು.”

“ಸೋಮವಾರ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ತಮ್ಮನಿಗೂ ಗೊತ್ತಾಗುತ್ತಲ್ಲ, ಅವನಿಗೋಸ್ಕರ ಒಬ್ಬರು ಸತ್ತರು ಅಂತ. ಹೇಳದಿದ್ರೆ ಅವನೇ ಜೈಲಿಗೆ. ನಾಲ್ಕು ದಿನದಿಂದ ಇದನ್ನೇ ಕೂಡಿ ಕಳೀತಿದ್ದೆ.”

“ಅವನು ಕೇಳ್ಕೊಂಡಿದ್ನಾ, ಹೀಗೆ ಮಾಡು ಅಂತ?”

“ಅವನಾ? ಬಾಯಿಬಿಟ್ಟು ನೀರೂ ಕೇಳೋನಲ್ಲ. ಅಪ್ಪ ಅಮ್ಮ ಹೋದಾಗ ಅವನಿಗೆ ಆರು ವರ್ಷ, ನಾನೇ ಸಾಕಿದ್ದು. ಆ ಮಗು ಹೋದ ದಿನದಿಂದ ಮಹಡಿ ಮನೆ ಪಾಪು ಅತ್ರೆ ಸಾಕು, ಊಟ ಬಿಟ್ಟು ಎದ್ದು ಹೋಗ್ತಿದ್ದ. ಏನಾಯ್ತೋ ಅಂದ್ರೆ ಏನಿಲ್ಲ ಅಕ್ಕ ಅಂತಿದ್ದ. ಮತ್ತೆ ಮಗುವಿನ ಕರೆ ಬರಬಾರ್ದು ಇವನಿಗೆ, ಅಷ್ಟೇ ಅಂದ್ಕೊಂಡೆ. ಬೇರೆ ಗಾಡಿಗಳಿದ್ವಲ್ಲ. ಯಾರಿಗೂ ತೊಂದರೆ ಆಗಲ್ಲ ಅಂದ್ಕೊಂಡೆ.” ಅವಳ ಕೈ ಕೀಲಿಮಣೆಯತ್ತ ಸರಿಯಿತು. “ಆ ಸಾಲು ತೆಗೀಲಾ?”

“ಬೇರೆಯವರು ತೆಗೀತಾರೆ. ಬನ್ನಿ,” ಎಂದಳು ಇನ್ಸ್‌ಪೆಕ್ಟರಳು.

ಬಂಧನದ ಸಮಯ ಹನ್ನೊಂದು ನಲವತ್ತು ಎಂದು ದಫೇದಾರ ಬರೆದುಕೊಂಡ. ಹೊಲಿಗೆಯವಳಿಗೆ ವಿಷಯವನ್ನು ಇನ್ಸ್‌ಪೆಕ್ಟರಳೇ ಹೇಳಿದಳು. ಆಕೆ, “ವಯಸ್ಸು ಹೇಳಬೇಕಿತ್ತು ನಾನು,” ಎಂದಳು. ಅಲ್ಲ ಎಂದು ಎಷ್ಟು ಹೇಳಿದರೂ ತಲೆಯಾಡಿಸುತ್ತಲೇ ಹೋದಳು.

ಸಂಜೆ ಡ್ರೈವರ್ ತನ್ನನ್ನು ಆರೋಪದಿಂದ ಕೈಬಿಟ್ಟ ಕಾಗದಕ್ಕೆ ಸಹಿ ಮಾಡಿದ. ಅಕ್ಕ ಕೊಟ್ಟ ಹೇಳಿಕೆಯನ್ನು ಅವನು ಓದಿದ್ದ. ಗೇಟಿನವರೆಗೆ ಹೋದವನು ಮರಳಿ ಬಂದ.

“ಒಂದು ಮಗುವಿನ ಕರೆ ಬರ್ಲಿ ಅಂತ ಕಾಯ್ತಿದ್ದೆ ಮೇಡಂ. ಒಂದನ್ನ ಉಳಿಸಿಬಿಟ್ರೆ ಈ ಕೈ ನಡುಗೋದು ನಿಲ್ಲುತ್ತೆ ಅಂತ. ಪಾಪು ಅಳೋದು ಕೇಳಿದ್ರೆ ಎದ್ದು ಹೋಗಿ ಗಾಡೀಲಿ ಕೂರ್ತಿದ್ದೆ, ಈಗ ಕರೆ ಬರುತ್ತೆ, ಈಗ ಬರುತ್ತೆ ಅಂತ. ಒಂದೂ ಬರ್ಲಿಲ್ಲ.”

“ಅಕ್ಕನಿಗೆ ಹೇಳಿದ್ಯಾ ಇದನ್ನ?”

“ಅವಳು ಕೇಳ್ಲಿಲ್ಲ,” ಎಂದ. ಆಮೇಲೆ, “ಕೇಳಿದ್ಲು. ನಾನೇ ಏನಿಲ್ಲ ಅಂದೆ.”

ಅವನು ಹೋದ ಮೇಲೆ ಇನ್ಸ್‌ಪೆಕ್ಟರಳು ಲಾಕಪ್ಪಿನ ಕಡೆ ನಾಲ್ಕು ಹೆಜ್ಜೆ ಇಟ್ಟು ನಿಂತಳು. ಒಳಗೆ ಎಂಜಿನಿಯರಳು ಗೋಡೆಗೊರಗಿ, ನಾಲ್ಕು ದಿನಗಳ ನಿದ್ದೆಯನ್ನು ಈಗ ಮಾಡುತ್ತಿದ್ದಳು. ಎಬ್ಬಿಸಿ ಹೇಳಲೇ, ಬೇಡವೇ? ಇನ್ಸ್‌ಪೆಕ್ಟರಳು ಕುರ್ಚಿ ಎಳೆದುಕೊಂಡು, ಅವಳು ಏಳುವವರೆಗೆ ಅಲ್ಲೇ ಕೂತಳು.